ಐಸಿನಲ್ಲಿಟ್ಟು ತಂದ ಡಬ್ಬಿ

ದುದ್ದದ ಹತ್ತಿರದ ನಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನು. ಬೆಳಿಗ್ಗೆ ಬೆಳಿಗ್ಗೆಯೇ ಲ್ಯಾಕ್ಟೋಮೀಟರ್ ಮುಳುಗಿಸಿ, ಊರಿನ ಹಿರಿಯರ ಮುಖಕ್ಕೇ ‘ಇದು ಹಾಲಲ್ಲ, ನೀರು’ ಎಂದು ಹೇಳುವ ಧೈರ್ಯ ಇಡೀ ಹೋಬಳಿಯಲ್ಲಿ ನನಗೊಬ್ಬನಿಗೇ ಇರುವುದು. ಆದರೆ ನನ್ನದನ್ನೂ ಪರೀಕ್ಷೆ ಮಾಡಬೇಕು ಎಂದು ಹಾಸನದ ಡಾಕ್ಟರಮ್ಮ ಹೇಳಿದ ದಿನ, ಅವರ ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಐದು ನಿಮಿಷ ಭಕ್ತಿಯಿಂದ ಓದಿದೆ. ಅದು ಹೋದ ವರ್ಷದ್ದು.

ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಷ್ಟೂ ವರ್ಷ ಓಡಾಡಿದವಳು ನನ್ನ ಹೆಂಡತಿ. ಅರಕಲಗೂಡು ಕಡೆಯ ನಾಟಿ ವೈದ್ಯರ ಕಷಾಯ ಕುಡಿದವಳು ಅವಳು, ಹೊಳೆನರಸೀಪುರದಲ್ಲಿ ಸ್ಕ್ಯಾನಿಂಗ್‌ಗೆ ಮಲಗಿದವಳು ಅವಳು, ರಕ್ತ ಕೊಟ್ಟವಳೂ ಅವಳೇ. ನಾನು ಬೈಕ್ ಓಡಿಸುತ್ತಿದ್ದೆ, ಹೊರಗಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಎಲ್ಲಾ ಕಡೆಯೂ ಅವಳಿಗೆ ಏನೂ ತೊಂದರೆಯಿಲ್ಲ ಎಂದೇ ಬರುತ್ತಿತ್ತು. ಹಾಗಿದ್ದ ಮೇಲೆ ತೊಂದರೆ ಯಾರಲ್ಲಿರಬಹುದು ಎಂಬ ಲೆಕ್ಕ ಒಂದನೇ ಕ್ಲಾಸಿನ ಮಗುವಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

‘ನಂಗೇನಾಗೈತೆ ಮೇಡಂ, ಗುಂಡ್ಕಲ್ಲಿದ್ದಂಗಿವ್ನಿ’ ಅಂದೆ.

‘ಗುಂಡುಕಲ್ಲಿಗೂ ಮಕ್ಕಳಾಗಲ್ಲ’ ಅಂದರು ಡಾಕ್ಟರಮ್ಮ, ಚೀಟಿ ಬರೆಯುತ್ತಲೇ. ‘ಒಂದು ವರ್ಷ ನೋಡಿ ಆಗಲಿಲ್ಲ ಅಂದ್ರೆ ಇಬ್ಬರೂ ಒಟ್ಟಿಗೆ ಬರಬೇಕಿತ್ತು. ಇವರೊಬ್ಬರನ್ನೇ ಯಾಕೆ ಇಷ್ಟು ದಿನ ಓಡಾಡಿಸಿದ್ರಿ?’

ಲ್ಯಾಬಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಕೋಣೆ ಇತ್ತು. ಅದರ ಬಾಗಿಲಿಗೆ ಎದುರಾಗಿ ಸಾಲಗಾಮೆಯ ನಮ್ಮ ದೂರದ ನೆಂಟರೊಬ್ಬರು ಸಕ್ಕರೆ ಕಾಯಿಲೆ ರಿಪೋರ್ಟಿಗೆ ಕಾದು ಕೂತಿದ್ದರು. ಕಂಡಕೂಡಲೇ ‘ಏನಪ್ಪಾ, ಏನಾರ ವಿಸೇಸನಾ?’ ಅಂದರು. ನಾನು ಮನೆಯಿಂದಲೇ ತರುತ್ತೇನೆಂದು ಖಾಲಿ ಡಬ್ಬಿ ಇಸಿದುಕೊಂಡು ಓಡಿದೆ. ಹೇಗೆ ತರಬೇಕೆಂದು ಲ್ಯಾಬಿನವನು ಹಿಂದಿನಿಂದ ಹೇಳುತ್ತಲೇ ಇದ್ದ. ನನ್ನ ಕಿವಿಗೆ ಬಿದ್ದದ್ದು ‘ಒಂದು ಗಂಟೆ ಒಳಗೆ’ ಎಂಬುದೊಂದೇ.

ಉಳಿದದ್ದನ್ನು ನನ್ನ ಡೈರಿ ಅನುಭವದಿಂದ ತುಂಬಿಕೊಂಡೆ. ನಮ್ಮೂರಿನ ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡಲು ಬರುವವರು ಹೋರಿಯ ವೀರ್ಯವನ್ನು ಹೊಗೆಯಾಡುವಷ್ಟು ತಣ್ಣಗಿರುವ ಕ್ಯಾನಿನಲ್ಲಿ ತರುತ್ತಾರೆ. ಹೋರಿಯದಕ್ಕೇ ಅಷ್ಟು ಮರ್ಯಾದೆ ಇರುವಾಗ ನನ್ನದನ್ನು ಬಿಸಿಲಲ್ಲಿ ತರುವುದೇ? ಟಿಫಿನ್ ಕ್ಯಾರಿಯರ್ ತುಂಬ ಐಸ್ ಒಡೆದು ಹಾಕಿ, ನಡುವೆ ಡಬ್ಬಿ ಹೂತು, ಹಾಸನದವರೆಗೂ ಮೂವತ್ತು ನಿಮಿಷದಲ್ಲಿ ಬೈಕ್ ಹಾರಿಸಿದೆ. ಲ್ಯಾಬಿನವನು ಮುಚ್ಚಳ ತೆಗೆದು ನೋಡಿದ.

‘ಏನ್ ಸಾ, ಮೀನ್ ತಂದಂಗ್ ತಂದಿದ್ದೀರಲ್ಲಾ.’

ಪಾಪ, ಅವನು ನಗಲಿಲ್ಲ. ಹೋರಿಯದನ್ನು ಔಷಧಿ ಬೆರೆಸಿ, ಬೇರೆ ಕ್ರಮದಲ್ಲಿ ಹೆಪ್ಪುಗಟ್ಟಿಸಿರುತ್ತಾರೆ, ಇದನ್ನು ಹೀಗೆ ಐಸಿಗೆ ಹಾಕಿದರೆ ಕೆಟ್ಟುಹೋಗುತ್ತದೆ, ಮೈ ಶಾಖದಲ್ಲೇ ಇಟ್ಟುಕೊಂಡು ತರಬೇಕು ಎಂದು ಮೆಲ್ಲಗೆ ವಿವರಿಸಿದ. ನಾನು ಮೆಟ್ಟಿಲಿಳಿದ ಮೇಲೆ ಒಳಗೆ ಇಡೀ ಲ್ಯಾಬು ನಕ್ಕಿತು. ಗಾಜಿನ ಸಾಮಾನುಗಳೂ ನಕ್ಕಿರಬೇಕು.

ಕೆಲವು ದಿನ ಬಿಟ್ಟು ಎರಡನೇ ಸಲ ಡಬ್ಬಿಯನ್ನು ಬನಿಯನ್ ಒಳಗಿಟ್ಟು, ಪ್ರತಿ ಹಂಪಿನಲ್ಲೂ ಕಾವಿಗೆ ಕೂತ ಕೋಳಿಯಂತೆ ಎದೆಯುಬ್ಬಿಸಿಕೊಂಡು ತಂದೆ. ರಿಪೋರ್ಟು ಬಂತು. ಸಂಖ್ಯೆ ಕಡಿಮೆ, ಇದ್ದವುಗಳಲ್ಲಿ ಓಡಾಡುವವು ಇನ್ನೂ ಕಡಿಮೆ. ಈ ಸಲ ತಪ್ಪನ್ನು ಐಸಿನ ಮೇಲೆ ಹಾಕುವಂತಿರಲಿಲ್ಲ.

‘ಅಂದ್ರೆ ನಂದೂ ನೀರ್ ಆಲು ಅಂತಾಯ್ತು’ ಅಂದೆ.

‘ಹೋಲಿಕೆ ಬಿಡಿ. ಗುಟ್ಕಾನೂ ಬಿಡಿ’ ಅಂದರು ಡಾಕ್ಟರಮ್ಮ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಟೆಸ್ಟು, ವೃಷಣದ ನರ ಊದಿದೆಯೇ ಎಂದು ಇನ್ನೊಬ್ಬ ಡಾಕ್ಟರರ ತಪಾಸಣೆ, ಬೇಕಾದರೆ ಮಾತ್ರೆ. ಅದರಿಂದಲೂ ಆಗದಿದ್ದರೆ, ವೀರ್ಯವನ್ನು ಶುದ್ಧಮಾಡಿ ಸರಿಯಾದ ದಿನಕ್ಕೆ ಗರ್ಭಕೋಶಕ್ಕೇ ಬಿಡುವ ಕ್ರಮವೂ ಇದೆಯಂತೆ. ಆಗೇ ಆಗುತ್ತದೆ ಎಂದು ಅವರು ಹೇಳಲಿಲ್ಲ, ದಾರಿ ಇದೆ ಎಂದರು. ಆ ದಾರಿಯಲ್ಲಿ ನಾವು ಇನ್ನೂ ನಡೆಯುತ್ತಲೇ ಇದ್ದೇವೆ.

ಹೊರಗೆ ಬಂದು ಹೆಂಡತಿಗೆ ತಮಾಷೆಯಾಗಿಯೇ ಹೇಳಲು ಹೊರಟೆ. ಅವಳು ಕೇಳಿದ್ದು ಒಂದೇ ಮಾತು.

‘ನಂದಲ್ವಾ?’

ಅಲ್ಲ ಎಂದೆ. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗಿಗೆ ಮುಖ ಒತ್ತಿಕೊಂಡಳು. ನಾಲ್ಕು ವರ್ಷ ಅವಳು ಏನನ್ನು ಹೊತ್ತು ನನ್ನ ಬೈಕಿನ ಹಿಂದೆ ಕೂರುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಆವಾಗ. ಸುಮಾರು ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಅತ್ತೆಗೆ ಮಾತ್ರ ಹೇಳಬೇಡಿ, ನೊಂದುಕೊಳ್ಳುತ್ತಾರೆ ಅಂದಳು. ಮಹಾಶೂರನಾದ ನಾನು ಎರಡನೇ ಸಲ ಹೇಳಿಸಿಕೊಳ್ಳದೆ ಒಪ್ಪಿಕೊಂಡೆ.

ತಿಂಗಳು ಕಳೆಯಿತು. ಚನ್ನರಾಯಪಟ್ಟಣದಲ್ಲಿರುವ ನನ್ನ ತಂಗಿಯ ಸೀಮಂತ ಬಂತು. ಹೊರಡುವ ಎರಡು ದಿನ ಮುಂಚೆ ಹೆಂಡತಿ ಮಡಿಲಕ್ಕಿಗೆಂದು ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಅವ್ವ ಬಂದು ನಿಂತಳು.

‘ಮಡ್ಲಕ್ಕಿ ಉಯ್ಯೋವಾಗ ನೀನ್ ಒಸಿ ಒಳ್ಗೇ ಇರವ್ವಾ. ಮಕ್ಳಿಲ್ದೋಳು ಅಂತ ಜನ ಏನಾರ ಅಂದಾರು.’

‘ಆಯ್ತು ಅತ್ತೆ’ ಎಂದು ಹೆಂಡತಿ ಅಕ್ಕಿಯಲ್ಲಿ ಕಲ್ಲು ಹುಡುಕುವುದನ್ನು ಮುಂದುವರಿಸಿದಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ರೊಟ್ಟಿ ಅಲ್ಲೇ ಬಿಟ್ಟು ಅವ್ವನ ಹಿಂದೆ ಕೊಟ್ಟಿಗೆಗೆ ಹೋದೆ. ಹಸುವಿನ ಬಗ್ಗೆ ಮಾತಾಡಿದೆ, ಹುಲ್ಲಿನ ಬಗ್ಗೆ ಮಾತಾಡಿದೆ, ಸೆಕೆಯ ಬಗ್ಗೆ ಎರಡು ಸಲ ಮಾತಾಡಿದೆ. ಆಮೇಲೆ ಹೇಳಿದೆ.

‘ಅವ್ವಾ, ಕೊರತೆ ಇರೋದು ನನ್ನಲ್ಲಿ. ಅವಳ್ದೆಲ್ಲಾ ಸರಿಯಾಗೈತೆ.’

‘ತಮಾಸಿ ಮಾಡ್ಬೇಡ ಕಣ್ಲಾ.’

ಹುಟ್ಟಿದಾಗಿನಿಂದ ತಮಾಷೆ ಮಾಡಿದ್ದರ ಫಲ ಇದು, ನಿಜ ಹೇಳಿದರೂ ಸಾಕ್ಷಿ ಬೇಕು. ತಿಂಗಳಿಂದ ಜೇಬಿನಲ್ಲೇ ತಿರುಗುತ್ತಿದ್ದ ರಿಪೋರ್ಟು ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಒಂದೊಂದೇ ಸಾಲು ಓದಿ ಹೇಳಿದೆ. ಅವ್ವ ಕೈಯಲ್ಲಿದ್ದ ಹುಲ್ಲನ್ನು ಹಸುವಿಗೆ ಹಾಕುವುದನ್ನೇ ಮರೆತಳು.

‘ಅವಳ್ಗ್ ಗೊತ್ತಾ?’

‘ತಿಂಗ್ಳಾಯ್ತು.’

‘ಗೊತ್ತಿದ್ದೂ ನನ್ ಬಾಯ್ ಮುಚ್ಚಿಸ್ನಿಲ್ವಲ್ಲಾ ಆ ಎಣ್ಮಗ’ ಅಂದಳು ಅವ್ವ, ಮೆಲ್ಲಗೆ. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಹೆಂಡತಿಯ ಜೊತೆಗೂ ಇಲ್ಲ. ನಾನು ಇನ್ನೊಂದು ಎಡವಟ್ಟು ಮಾಡಿದೆನೇ ಎಂದು ಹೆದರಿದೆ.

ಸೀಮಂತದ ದಿನ ಹಸೆಯ ಮೇಲೆ ಕೂತ ತಂಗಿಯ ಮಡಿಲು ತುಂಬಲು ಮುತ್ತೈದೆಯರನ್ನು ಕರೆಯುತ್ತಿದ್ದರು. ಹೆಂಡತಿ ತಾನಾಗಿಯೇ ಅಡುಗೆಮನೆಗೆ ಹೋಗಿದ್ದಳು. ಅವ್ವ ಎದ್ದು ಒಳಗೆ ಹೋಗಿ ಅವಳ ಕೈ ಹಿಡಿದುಕೊಂಡೇ ಬಂದಳು. ಮೂಲೆಯಲ್ಲಿದ್ದ ಒಬ್ಬ ಅಜ್ಜಿ, ಅವಳಿಗೆ ಇನ್ನೂ ಆಗಿಲ್ಲವಲ್ಲ ಎಂದು ಗೊಣಗಿತು.

‘ಅವಳ್ಗೇನಾಗೈತೆ? ನಮ್ಮನೆ ಸೊಸೆ ಅವ್ಳು. ಮೊದ್ಲು ಅವ್ಳೇ ಉಯ್ಲಿ’ ಅಂದಳು ಅವ್ವ.

ನಾನು ವೀಳ್ಯದೆಲೆ ತಟ್ಟೆ ಹಿಡಿದು ಎಲ್ಲರಿಗೂ ಅಡ್ಡವಾಗಿ ನಿಂತಿದ್ದೆ. ಹೆಂಡತಿಯ ಬೊಗಸೆಯಿಂದ ಅರ್ಧ ಅಕ್ಕಿ ಚಾಪೆಯ ಮೇಲೆ ಚೆಲ್ಲಿತು. ಅವ್ವ ಬಗ್ಗಿ, ಒಂದು ಕಾಳೂ ಬಿಡದೆ ಬಾಚಿ, ಮತ್ತೆ ಅವಳ ಬೊಗಸೆಗೇ ಹಾಕಿದಳು.