ನಾವು ಸಾಲಿಗೆ ಹೋಗಿ ನೋಡಿದ ದಿನ

ಮೊಮ್ಮಕ್ಕಳೇ, ನಿಮ್ಮ ಆಯಿಯೂ ಒಂದು ಕಾಲಕ್ಕೆ ಸಾಲಿಯ ಸಮಿತಿಯಲ್ಲಿ ಸದಸ್ಯೆ ಆಗಿದ್ದಳೆಂದರೆ ನೀವು ಬಿದ್ದು ಬಿದ್ದು ನಗುತ್ತೀರಿ. ನಾಲ್ಕು ಜನ ಕೂಡಿದ ಕಡೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹೊಲದ ಕೆಲಸ ಬಿಟ್ಟು ಸಭೆಗೆ ಬರಲು ನಿಮ್ಮ ಅವ್ವನಿಗೆ ಆಗುತ್ತಿರಲಿಲ್ಲ. ಅವಳ ಬದಲು ಮಾಸ್ತರರು ನನ್ನ ಹೆಸರು ಹಾಕಿಕೊಂಡಿದ್ದರು. ನಾನು ಕಂಬದ ಮರೆಗೆ ಕೂತು, ಎಲ್ಲರೂ ಹೂಂ ಅಂದಾಗ ಹೂಂ ಅಂದು ಎದ್ದು ಬರುತ್ತಿದ್ದೆ.

ಆಳಂದ ತಾಲೂಕಿನಲ್ಲಿ ನಮ್ಮದು ತೀರ ಸಣ್ಣ ಊರು. ಸಾಲಿ ಎಂದರೆ ಎರಡು ಖೋಲಿ, ಅಂಗಳದಲ್ಲಿ ಒಂದು ಬೇವಿನ ಗಿಡ, ಐದೂ ಇಯತ್ತೆಗೆ ಒಬ್ಬರೇ ಮಾಸ್ತರು. ಅವರು ಸಣ್ಣವರಿಗೆ ಅಕ್ಷರ ತಿದ್ದಲು ಹೇಳಿ ದೊಡ್ಡವರಿಗೆ ಲೆಕ್ಕ ಹಾಕಿಕೊಡುವಷ್ಟರಲ್ಲಿ, ಸಣ್ಣವು ಎದ್ದು ಮನೆಗೆ ಹೋಗಿ ನೀರು ಕುಡಿದು ತಿರುಗಿ ಬಂದಿರುತ್ತಿದ್ದವು. ಪಾಪ, ಒಳ್ಳೆಯ ಮನುಷ್ಯ. ಒಬ್ಬರೇ ಎಷ್ಟು ಕಡೆ ನೋಡಬೇಕು?

ಆಗ ದೇಶದಲ್ಲೆಲ್ಲ ಸಾಲಿಯ ಪದ್ಧತಿ ಬದಲಾಗುತ್ತಿದೆ ಎಂದು ಸುದ್ದಿ ಬರುತ್ತಿತ್ತು. ದಿಲ್ಲಿಯವರು ಒಂದು ನೀತಿ ಮಾಡಿದರಂತೆ, ಬೆಂಗಳೂರಿನವರು ನಮ್ಮದು ನಾವೇ ಮಾಡಿಕೊಳ್ಳುತ್ತೇವೆ ಅಂದರಂತೆ. ಅದರಲ್ಲಿ ನಮಗೆ ತಿಳಿದದ್ದು ಇಷ್ಟು: ಸಣ್ಣ ಊರುಗಳ ಸಾಲಿಗಳನ್ನು ರಸ್ತೆಯ ಮೇಲಿನ ದೊಡ್ಡೂರಿನ ಸಾಲಿಗೆ ಕೂಡಿಸುತ್ತಾರೆ, ಮಕ್ಕಳನ್ನು ಬಸ್ಸಿನಲ್ಲಿ ಒಯ್ಯುತ್ತಾರೆ.

ಬದಲಾವಣೆ ನನಗೆ ಹೊಸದಲ್ಲ. ನನ್ನ ಅಪ್ಪ ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ, ನಿಜಾಮನ ಕಾಲದಲ್ಲಿ, ಉರ್ದು ಕಲಿತವರು. ಆ ರಾಜ್ಯ ಹೋದ ಮೇಲೆ ಕಾಗದಗಳೆಲ್ಲ ಕನ್ನಡದಲ್ಲಿ ಬರತೊಡಗಿದವು. ಕಲಿತ ಅಪ್ಪ ಓದಲು ಬಾರದವರಾಗಿ, ಏಳನೇ ಇಯತ್ತೆಯವರೆಗೆ ಕನ್ನಡ ಓದಿದ ನನ್ನ ಮುಂದೆ ಕಾಗದ ಹಿಡಿದು ಕೂಡುತ್ತಿದ್ದರು. ಸಾಲಿ ಬದಲಾಗುವಾಗ ಆಗೆಲ್ಲ ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಮಳೆ ಬಿಸಿಲು ಬಂದ ಹಾಗೆ ಅದೂ ಬರುತ್ತಿತ್ತು. ಊರಿಗೇ ಬಂದು ಕೇಳಿದವರು ನನ್ನ ಆಯುಷ್ಯದಲ್ಲಿ ಒಬ್ಬರೇ. ಅವರ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ.

ಅವರು ಶಿಕ್ಷಣ ಇಲಾಖೆಯ ಮೇಡಂ. ಜೇವರ್ಗಿಯಲ್ಲಿರುವ ನಿಮ್ಮ ಅತ್ತಿಯಷ್ಟು ವಯಸ್ಸು, ಕಡುನೀಲಿ ಸೀರೆ, ಧೂಳಾದ ಚಪ್ಪಲಿ. ಬೇವಿನ ಗಿಡದ ಕೆಳಗೆ ಊರವರೆಲ್ಲ ಕೂಡಿದ್ದರು. ಹಿರಿಯರೊಬ್ಬರು ಎದ್ದವರೇ ಕೇಳಿದರು:

"ನಮ್ಮ ಸಾಲಿ ಮುಚ್ಚಾಕ ಬಂದೀರೇನ್ರಿ?"

"ಮುಚ್ಚಾಕಲ್ರಿ, ಕೂಡ್ಸಾಕ."

"ನಿಮಗ ಕೂಡ್ಸೋದು. ನಮ್ಮೂರಾಗ ಕೀಲಿ ಬೀಳೋದು ಅಷ್ಟೇ ಕಾಣ್ತದರಿ."

ಮೇಡಂ ಸಿಟ್ಟಾಗಲಿಲ್ಲ. "ಹೌದ್ರಿ, ಕೀಲಿ ಬೀಳ್ತದ," ಎಂದು ಒಪ್ಪಿಕೊಂಡರು. ಆಮೇಲೆ, "ಐದನೇದು ಮುಗಿಸಿದ ಈ ಊರ ಹುಡುಗ್ಯಾರು ಈಗ ಎಲ್ಲಿ ಅದಾರ್ರಿ?" ಎಂದು ಮೆಲ್ಲಗೆ ಕೇಳಿದರು. ಅವರೆಲ್ಲ ತೊಗರಿ ಹೊಲದಲ್ಲಿದ್ದರು. ದೊಡ್ಡೂರಿನವರೆಗೆ ಹುಡುಗಿಯೊಬ್ಬಳನ್ನೇ ನಡೆಸಿ ಕಳಿಸುವವರು ಯಾರು? ನಿಮ್ಮ ಅಕ್ಕ ಆಗ ಐದನೆಯದರಲ್ಲಿದ್ದಳು.

ಮೇಡಂ ಹೆಂಗಸರ ಕಡೆ ತಿರುಗಿದರು. ನಾವು ನೆಲ ನೋಡಿದೆವು. ನೀವು ಖಾಲಾ ಎಂದು ಕರೆಯುವ ನಮ್ಮ ಬಾಜೂ ಮನೆಯಾಕೆ ಮಾತ್ರ ಕೂತಲ್ಲಿಂದಲೇ ಅಂದಳು:

"ನೋಡ್ದೇ ಏನ್ ಹೇಳ್ಬೇಕ್ರಿ ಮೇಡಂ? ಸೀರಿ ಅಂಗಡ್ಯಾಗರೆ ಮಡಚಿದ್ದು ಬಿಚ್ಚಿ ತೋರಸ್ತಾರ."

ಎಲ್ಲರೂ ನಕ್ಕರು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕು, "ಹಂಗಾರ ನಾನೂ ಬಿಚ್ಚಿ ತೋರಸ್ತೇನಿ. ಒಂದಿನ ನೀವೇ ಸಾಲಿ ಹುಡುಗ್ಯಾರಾಗಿ ಬಸ್ ಹತ್ರಿ. ಮುಂಜಾನಿಂದ ಸಂಜೀತನಕ ಕೂತು ನೋಡ್ರಿ. ನಾನೂ ನಿಮ್ ಜೋಡಿ ಬರ್ತೇನಿ. ಆಮ್ಯಾಲ ಬ್ಯಾಡ ಅಂದ್ರ ಬ್ಯಾಡಂತ್ಲೇ ಮ್ಯಾಲ ಬರೀತೇನಿ," ಅಂದರು.

ಹಾಗೆ ನಾವು ಹೆಂಗಸರು ಮಕ್ಕಳನ್ನೂ ಕರೆದುಕೊಂಡು ದೊಡ್ಡೂರಿನ ಸಾಲಿಗೆ ಹೋದೆವು. ಬೀಗರ ಮನೆಗೆ ಹೊರಟವರ ಹಾಗೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬುತ್ತಿ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಸಾಲಿಯಲ್ಲೇ ಊಟ ಕೊಡುತ್ತಾರೆಂದು ಗೊತ್ತಿದ್ದರೂ ಬರಿಗೈಲಿ ಹೋಗುವುದು ಹೇಗೆ? ಮಧ್ಯಾಹ್ನ ಬುತ್ತಿ ಬಿಚ್ಚಿದ್ದೇ ತಡ, ಆ ಊರ ಮಕ್ಕಳೆಲ್ಲ ನಮ್ಮ ಸುತ್ತ ಬಂದು ಕೂತವು. ಅಡುಗೆಯಾಕೆ ಸೌಟು ಹಿಡಿದು ಬಂದು, "ನಾ ಮಾಡಿದ್ದು ಯಾರ್ ಉಣ್ಬೇಕ್ರಿ ಇನ್ನ?" ಎಂದು ಜಗಳಕ್ಕೆ ನಿಂತಳು. ಮೇಡಂ ರೊಟ್ಟಿಯನ್ನೂ ಉಂಡರು, ಆಕೆಯ ಅನ್ನ ಸಾರನ್ನೂ ಎರಡನೇ ಸಲ ಹಾಕಿಸಿಕೊಂಡರು.

ಯಾವ ಮಗುವನ್ನು ಕಳಿಸುವವರೋ ಆ ಮಗುವಿನ ಬಾಜೂ ಕೂಡಬೇಕೆಂದು ಮೇಡಂ ಹೇಳಿದ್ದರು. ಖಾಲಾ ಮೊಮ್ಮಗನ ಜೊತೆ ನಾಲ್ಕನೆಯದರಲ್ಲಿ ಕೂತಳು. ಹಲಗೆಯ ಮೇಲೆ ಬರೆಯುತ್ತಿದ್ದ ಮಾಸ್ತರು ತಿರುಗಿ ನೋಡದೆಯೇ, "ಏ, ಹಿಂದಿನ ಸಾಲಿನಾಕಿ, ಮಾತ್ ಸಾಕು!" ಎಂದು ಗದರಿಸಿದರಂತೆ. ಖಾಲಾ ಎದ್ದು ಕೈಕಟ್ಟಿ, "ತಪ್ಪಾತ್ರಿ ಸರ," ಅಂದಳಂತೆ. ಇವತ್ತಿಗೂ ಆ ಮಾಸ್ತರು ಆಕೆಯನ್ನು ಕಂಡರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಮುಂಜಾನೆ ಬಸ್ಸು ಇಳಿದ ಕೂಡಲೇ ಮೇಡಂ ಮೊದಲು ಮಾಡಿದ ಕೆಲಸ ನೋಡಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಅವರು ಮೊಣಕಾಲು ಮಡಚಿ, ಆರು ವರ್ಷದ ಮಗುವಿನ ಎತ್ತರಕ್ಕೆ ತಗ್ಗಿ, ಹಾಗೇ ಸಾಲಿಯನ್ನೆಲ್ಲ ತಿರುಗಿದರು. ಮಕ್ಕಳು ನಗುತ್ತ ಹಿಂದೆ ಓಡಿದವು. ನೀರಿನ ನಳ ಕೈಗೆ ಸಿಕ್ಕಿತು, ಪಾಯಖಾನೆಯ ಚಿಲಕ ಸಿಗಲಿಲ್ಲ. ಅವತ್ತೇ ಅದನ್ನು ಬಿಚ್ಚಿಸಿ ಕೆಳಗೆ ಹಾಕಿಸಿದರು.

ನಾನು ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣಾಕಿಯ ಜೊತೆ ಒಂದನೇ ಇಯತ್ತೆಯಲ್ಲಿ ಕೂತಿದ್ದೆ. ಬರೀ ಒಂದನೆಯದಕ್ಕೇ ಒಬ್ಬರು ಟೀಚರು! ಹುಣಸೆ ಬೀಜ ಹರಡಿ ಎಣಿಸಲು ಕಲಿಸಿದರು, ಹಾಡಿಸಿದರು, ಒಬ್ಬೊಬ್ಬರ ಪಾಟಿಯ ಹತ್ತಿರವೂ ಬಂದು ಕೂತರು. ದೊಡ್ಡವರ ಪಾಠಕ್ಕೆ ತೊಂದರೆ ಆಗುತ್ತದೆ, ಸುಮ್ಮನಿರು ಎಂದು ಒಂದು ಮಗುವಿಗೂ ಹೇಳಲಿಲ್ಲ. ನನ್ನ ಮೊಮ್ಮಕ್ಕಳಿಗೆ ಇದು ಸಿಗಲೇಬೇಕು ಅಂದುಕೊಂಡೆ.

ಊಟವಾದ ಮೇಲೆ ನಮ್ಮನ್ನು ಮೇಲಿನ ಖೋಲಿಗಳಿಗೆ ಕರೆದುಕೊಂಡು ಹೋದರು. ಹನ್ನೆರಡನೆಯದರವರೆಗೆ ಒಂದೇ ಕಡೆ ಓದಬಹುದೆಂದು ತೋರಿಸಿದರು. ಕೆಳಗೆ ಇಳಿದು ಬಂದರೆ ಸಣ್ಣಾಕಿ ಖೋಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಲಂಗ ತೊಯ್ದಿತ್ತು. ಜೋರಾಗಿ ಅತ್ತಿರಲಿಲ್ಲ. ಅದಕ್ಕೇ ಟೀಚರಿಗೆ ಗೊತ್ತಾಗಿರಲಿಲ್ಲ. (ಇದನ್ನು ಬರೆಯಲು ಅವಳ ಅಪ್ಪಣೆ ಪಡೆದಿದ್ದೇನೆ, ನೀವು ನಗಬಾರದು.)

"ಟೀಚರಿಗಿ ಯಾಕ ಹೇಳ್ಲಿಲ್ಲ ಬೇ?"

"ಅವ್ರು ನಮ್ಮೂರವ್ರಲ್ಲ."

"ಗೆಳತ್ಯಾರಿಗರೆ ಹೇಳ್ಬೇಕಿತ್ತು."

"ಯಾರೂ ಗುರ್ತಿಲ್ಲ ಆಯಿ. ನಾ ನಾಳಿಗಿ ಒಲ್ಲೆ."

ಸೆರಗಿನಿಂದ ಅವಳನ್ನು ಒರೆಸಿದೆ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಅದು ನನ್ನಿಂದಲೇ ಅವಳಿಗೆ ಬಂದದ್ದು.

ಬಸ್ಸು ಹೊರಡುವ ಮೊದಲು ಮೇಡಂ ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿ, ಏನಂತೀರಿ ಎಂದು ಕೇಳಿದರು. ಎಲ್ಲರೂ ಸಾಲಿ ಛಲೋ ಅದ ಅಂದರು. ಹೂಂ ಅಂದರೆ ಸಣ್ಣಾಕಿ ಸಾಲಿಯನ್ನೇ ಬಿಡುತ್ತಾಳೆ, ಅವಳಂಥವು ಇನ್ನೂ ಇವೆ. ಬೇಡ ಅಂದರೆ ನಿಮ್ಮ ಅಕ್ಕನ ಓದು ಐದನೆಯದಕ್ಕೇ ನಿಲ್ಲುತ್ತದೆ. ಖಾಲಾ ನನ್ನ ತೊಡೆ ಚಿವುಟಿದಳು.

"ಏಳ್ ಬೇ. ಕಟ್ಟಿ ಮ್ಯಾಲ ಕೂತ್ರ ನನ್ ಕಿವಿ ತಿಂತಿ, ಇಲ್ಲಿ ಮೂಕಿ ಆಗಾಕತ್ತೀಯೇನು?"

ಎದ್ದೆ. ಮೇಡಂನ ಮುಖ ನೋಡಲಾರದೆ ಅವರ ಚಪ್ಪಲಿ ನೋಡುತ್ತ ಹೇಳಿದೆ: "ಸಾಲಿ ಛಲೋ ಅದರಿ. ಆದ್ರ ಸಣ್ಣವಕ್ಕ ಇಲ್ಲಿ ಒಂದು ಗುರ್ತಿನ ಮಾರಿ ಬೇಕ್ರಿ. ನಮ್ಮೂರ ಹೆಣ್ಮಗಳು ಒಬ್ಬಾಕಿ ಬಸ್ಸಿನ್ಯಾಗ ಕೂಡಿ ಬಂದು, ಸಂಜೀತನಕ ಇಲ್ಲೇ ಇರ್ಬೇಕು. ಇಲ್ಲಂದ್ರ ಸಣ್ಣವು ಬರಂಗಿಲ್ರಿ."

ಕೂತುಬಿಟ್ಟೆ. ಮೇಡಂ ನನ್ನ ಮುಂದೆ ಬಂದು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತು, "ಇನ್ನೊಮ್ಮೆ ಹೇಳ್ರಿ ಅಮ್ಮಾ," ಅಂದರು. ಹೇಳಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಅವರು ಎದ್ದು ಎಲ್ಲರಿಗೂ ಕೇಳುವಂತೆ ಅಂದರು: "ಬಸ್ ಹಾಕಿದ್ದೆ, ಮಾಸ್ತರನ್ನ ಹಾಕಿದ್ದೆ, ಖೋಲಿ ಹಾಕಿದ್ದೆ. ಇದು ನನ್ ತಲ್ಯಾಗ ಬಂದಿರ್ಲಿಲ್ರಿ. ಮ್ಯಾಲಿನವರನ್ನ ಕೇಳ್ಬೇಕಾಗ್ತದ. ಅದಾಗೋತನಕ ನಿಮ್ಮೂರ ಸಾಲಿಗಿ ಕೀಲಿ ಬೀಳಂಗಿಲ್ಲ."

"ಯಾರನ್ನ ಕಳಸ್ತೀರಿ?" ಎಂದೂ ಕೇಳಿದರು.

"ಇಕೀನೇ ಅದಾಳಲ್ರಿ," ಅಂದಳು ಖಾಲಾ. "ಸಾಲ್ಯಾಗ ಗದ್ದಲ ಮಾಡಂಗಿಲ್ಲ. ನನ್ನ ಹಾಕಿದ್ರ ಆ ಸರು ನೌಕರಿ ಬಿಟ್ ಹೋಗ್ತಾರ."

ಮಾತು ಕೊಟ್ಟು ಹೋದ ಎಷ್ಟೋ ಸಾಹೇಬರನ್ನು ನಾನು ನೋಡಿದ್ದೇನೆ. ಈ ಮೇಡಂ ತೊಗರಿ ಹೂ ಬಿಡುವ ಹೊತ್ತಿಗೆ ತಿರುಗಿ ಬಂದರು, ಮೇಲಿನವರನ್ನು ಒಪ್ಪಿಸಿಕೊಂಡೇ ಬಂದರು. ನಮ್ಮೂರಿಗೆ ಮಾತ್ರವಲ್ಲ, ಆ ಸಾಲಿಗೆ ಕೂಡುವ ಪ್ರತಿ ಊರಿನಿಂದಲೂ ಒಬ್ಬ ಹೆಣ್ಣುಮಗಳು, ನಮ್ಮೂರಿನಿಂದ ನಾನು. ಅದಾದ ಮೇಲೇ ನಮ್ಮ ಸಾಲಿಗೆ ಕೀಲಿ ಬಿತ್ತು. ಬೀಳುವ ದಿನ ಬೇವಿನ ಗಿಡದ ಕೆಳಗೆ ಅತ್ತವರೂ ಮರುದಿನ ಮಕ್ಕಳನ್ನು ಬಸ್ಸಿಗೆ ಹತ್ತಿಸಿದರು.

ಮೊದಮೊದಲು ಸಣ್ಣಾಕಿ ಬಸ್ಸಿನಲ್ಲಿ, ಖೋಲಿಯಲ್ಲಿ, ಊಟದಲ್ಲಿ ನನ್ನ ಸೆರಗು ಬಿಡುತ್ತಿರಲಿಲ್ಲ. ಈಗ ಹತ್ತಿದವಳೇ ಹಿಂದಿನ ಸೀಟಿಗೆ ಗೆಳತಿಯರ ಕಡೆ ಓಡುತ್ತಾಳೆ. ನಾನು ಕರೆದರೆ ಕೇಳಿಸದವಳ ಹಾಗೆ ಕೂಡುತ್ತಾಳೆ. ಸೆರಗನ್ನು ಈಗ ಮತ್ತೊಂದು ಮಗು ಹಿಡಿಯುತ್ತದೆ. ನಿಮ್ಮ ಅಕ್ಕ ಅದೇ ಸಾಲಿಯಲ್ಲಿ ಎಂಟನೆಯದಕ್ಕೆ ಬಂದಿದ್ದಾಳೆ.

ಮೇಡಂಗೆ ಜೇವರ್ಗಿ ಕಡೆಗೆ ವರ್ಗವಾಯಿತು ಎಂದು ಕೇಳಿದ್ದೆ. ಮೊನ್ನೆ ಅಲ್ಲಿಂದ ನನ್ನ ಮಗಳ, ಅಂದರೆ ನಿಮ್ಮ ಅತ್ತಿಯ ಫೋನು ಬಂತು.

"ಯವ್ವಾ, ನಮ್ಮ ಕಡೀಗೂ ಸಾಲಿ ಕೂಡ್ಸ್ಯಾರ. ನಿನ್ನಂಗೇ ಒಬ್ಬಾಕಿ ಮುದುಕಿ ಪೋರಗೋಳ ಜೋಡಿ ಬಸ್ ಹತ್ತಾಕತ್ತಾಳ. ಯಾರೋ ಮೇಡಂ ಹೇಳ್ಯಾರಂತ. ಆಕಿ ಭಾಳ ನಾಚಾಕತ್ತಾಳ, ಹಿಂದ ಹೋಗಿ ಕೂಡ್ತಾಳ."

ಸುಮ್ಮನೆ ಇರಬಹುದಿತ್ತು. ಆದರೆ ನನ್ನ ಬಾಯಿಂದ ತಾನಾಗಿ ಮಾತು ಬಂತು.

"ಮುಂದಿನ ಸೀಟಿನ್ಯಾಗೇ ಕೂಡಂತ ಆಕೀಗಿ ಹೇಳ್ ಬೇ. ಸಣ್ಣವು ಹತ್ತಿದ ಕೂಡ್ಲೇ ಮೊದಲು ಅಲ್ಲೇ ನೋಡ್ತಾವ."