ಅಕ್ಕನ ಡಿಸ್ಕ್ ಬ್ರೇಕು, ಅಪ್ಪನ ಕಲ್ಲು

ಗೆಳೆಯರೇ, ನಮ್ಮ ಹಳೇ ಕಾರಿನ ಹಿಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಬ್ರೇಕ್ ಕೂರಿಸಿದವಳು ನಮ್ಮಕ್ಕ. ಗಂಗಾವತಿಯಲ್ಲಿ ಅವಳದೇ ಗ್ಯಾರೇಜಿದೆ. ಅಪ್ಪನಿಗೆ ಮಾತ್ರ ಅನುಮಾನ.

"ಡ್ರಮ್ ತಗದ್ರ ಹ್ಯಾಂಡ್‌ಬ್ರೇಕ್ ಎಲ್ಲಿಂದ ಹಿಡೀತೈತಿ?"

"ಡಿಸ್ಕಿಗೂ ಕೇಬಲ್ ಜೋಡ್ಸೀನಿ, ಬರ್ರಿ ತೋರಸ್ತೀನಿ."

ಇವತ್ತು ಆನೆಗೊಂದಿ ದಾರಿಯ ಏರಿನಲ್ಲಿ ಅಕ್ಕ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೇಬಿಟ್ಟಳು. ಅಪ್ಪ ಡಿಕ್ಕಿಯಲ್ಲಿ ಸದಾ ಇಟ್ಟುಕೊಳ್ಳುವ ಕಲ್ಲನ್ನು ಚಕ್ರದ ಹಿಂದಿಡಲು ಓಡಿದರು.

"ಕಲ್ಲು ಬ್ಯಾಡ್ರೀ ಅಪ್ಪಾ, ಸುಮ್ನ ನೋಡ್ರಿ!"

ಕಾರು ಕೂದಲೆಳೆಯಷ್ಟೂ ಜಾರಲಿಲ್ಲ. ಅಪ್ಪ ಹಿಂದಿನಿಂದ ಜಗ್ಗಿಯೂ ನೋಡಿದರು. ಆಮೇಲೆ ಅಕ್ಕನ ಬೆನ್ನು ತಟ್ಟಿ, "ಭಾಳ ಛಲೋ ಮಾಡೀದಿ ಬಿಡವಾ" ಎಂದರು.

ಹೊರಡುವಾಗ ನೋಡಿದರೆ ಕಲ್ಲು ಮತ್ತೆ ಡಿಕ್ಕಿಯಲ್ಲಿತ್ತು. ಕೇಳಿದ್ದಕ್ಕೆ ಅಪ್ಪ ಗತ್ತಿನಿಂದ ಹೇಳಿದರು: "ನಮಗಲ್ಲಪಾ. ದಾರ್ಯಾಗ ಪಾಪ, ಡ್ರಮ್ಮಿನವರು ಯಾರರ ಸಿಗ್ತಾರ!"