ಅರವತ್ತೈದು ಡಿಗ್ರಿ ದಾಟಿದ ಬಿಯರ್

ಮೊನ್ನೆ ಕ್ರಾಸ್‌ರೋಡ್ಸ್ ಬಡಾವಣೆಯ ಅಂಗಡಿಯಲ್ಲಿ ಕಳಿತು ಕಪ್ಪಾದ ಬಾಳೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಅಂಕಲ್ ನೆನಪಾದರು. ಹೊಟ್ಟೆ ಉರಿಯಿತು. ಅವರು ತೀರಿಕೊಂಡು ಮೂರು ವರ್ಷವಾಯಿತು... ಆದರೂ ಉರಿಯಿತು.

ಮೈಸೂರಿನವರು, ವಿಮಾನ ಕಂಪನಿಯಿಂದ ನಿವೃತ್ತರಾದ ಎಂಜಿನಿಯರ್. ಮನೆಯಲ್ಲೇ ಬಿಯರ್ ತಯಾರಿಸುವುದರಲ್ಲಿ ಎತ್ತಿದ ಕೈ. ನನಗೂ ಆ ಹುಚ್ಚು ಹಿಡಿದು ಕಲಿಯಲು ಹೋದೆ. ಕಾಸುವುದು, ಸೋಸುವುದು ಎಲ್ಲ ಹೇಳಿಕೊಟ್ಟರು. ಈಸ್ಟ್ ಹಾಕಿದ ಮೇಲೆ ಜಾಡಿಯನ್ನು ಎಲ್ಲಿಡಲಿ ಎಂದು ಕೇಳಿದಾಗ ಮಾತ್ರ ನಕ್ಕರು.

"ದೋಸೆ ಹಿಟ್ಟು ಎಲ್ಲಿಡ್ತೀಯಮ್ಮ? ಓವನ್ ಒಳಗೆ, ಲೈಟ್ ಹಾಕಿ ತಾನೆ? ಇದನ್ನೂ ಅಲ್ಲೇ ಇಡು."

ಪರದೇಶದ ಈ ಚಳಿಯೂರಿನಲ್ಲಿ ನಾವೆಲ್ಲ ಹಿಟ್ಟು ಹುಳಿ ಬರಿಸುವುದು ಹಾಗೆಯೇ. ನಂಬಿಬಿಟ್ಟೆ. ಕೆಲವು ವಾರಗಳ ನಂತರ ಈಸ್ಟ್‌ಗೇಟ್ ಬಡಾವಣೆಯ ಗೆಳೆಯರ ಹಿತ್ತಲಲ್ಲಿ ಎಲ್ಲರೆದುರು ಹೆಮ್ಮೆಯಿಂದ ಬಾಟಲಿ ತೆರೆದೆ. ಅಂಕಲ್ ಲೋಟ ಮೂಸಿ, "ಇದೇನಮ್ಮ, ಬಾಳೆಹಣ್ಣಿನ ಸೀಕರಣೆ ಮಾಡ್ಕೊಂಡು ಬಂದಿದೀಯ?" ಅಂದರು. ಜನ ಬಿದ್ದು ಬಿದ್ದು ನಕ್ಕರು, ನನ್ನ ಗಂಡನೂ ಸೇರಿ. ಅಂದಿನಿಂದ ಅಂಕಲ್ ನನ್ನನ್ನು ಕರೆಯುತ್ತಿದ್ದದ್ದೇ ಸೀಕರಣೆ ಎಂದು.

ಮರುವರ್ಷ ಆಗಸ್ಟ್‌ನಲ್ಲಿ ಅವರ ಮೊಣಕಾಲಿನ ಆಪರೇಶನ್ ಇದ್ದಕ್ಕಿದ್ದಂತೆ ನಿಗದಿಯಾಯಿತು. ಹಿಂದಿನ ದಿನವಷ್ಟೇ ಈಸ್ಟ್ ಹಾಕಿದ್ದ ಜಾಡಿ ಮನೆಯಲ್ಲಿತ್ತು. ನನ್ನ ಕೈಗೆ ಕೀ ಕೊಟ್ಟರು.

"ಬೆಳಗ್ಗೆ ಸಂಜೆ ಐಸ್ ಬಾಟಲಿ ಬದಲಾಯಿಸಮ್ಮ. ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಬಾಳೆಹಣ್ಣಿನ ವಾಸನೆ ಬಂದ್ಬಿಡತ್ತೆ."

ನನಗೆ ಏನು ಹೇಳಿಕೊಟ್ಟಿದ್ದರೆಂಬುದು ಅವರಿಗೆ ನೆನಪೂ ಇರಲಿಲ್ಲ!

ಅವರ ಬಚ್ಚಲಲ್ಲಿ ಪ್ಲಾಸ್ಟಿಕ್ ಟಬ್, ತಣ್ಣೀರು, ಒದ್ದೆ ಟವೆಲ್ ಸುತ್ತಿದ ಜಾಡಿ, ಥರ್ಮಾಮೀಟರ್. ಬಾಣಂತಿಗೂ ಇಂಥ ಆರೈಕೆ ಇರಲಾರದು. ಮುಯ್ಯಿಗೆ ಮುಯ್ಯಿ ಎಂದುಕೊಂಡು ಐಸ್ ಬಾಟಲಿಗಳನ್ನು ತೆಗೆದೆ, ನೀರು ಚೆಲ್ಲಿದೆ, ಟವೆಲ್ ಒಣಹಾಕಿದೆ, ಕಿಟಕಿ ಮುಚ್ಚಿದೆ. ಥರ್ಮಾಮೀಟರ್ ಎಂಬತ್ತು ತೋರಿಸಿದ ದಿನ ಹಾಲು ಕುಡಿದಷ್ಟು ಸಂತೋಷವಾಯಿತು. ಅವರು ಬರುವ ಹಿಂದಿನ ದಿನ ಎಲ್ಲವನ್ನೂ ಮೊದಲಿನಂತೆ ಜೋಡಿಸಿಟ್ಟೆ.

ವಾಕರ್ ಹಿಡಿದು ಬಂದ ಅಂಕಲ್ ಜಾಡಿ ಮೂಸಿದರು. ಮತ್ತೊಮ್ಮೆ ಮೂಸಿದರು. ಬೈಯಲಿ, ಆಗ ಓವನ್ನಿನ ಕಥೆ ತೆಗೆಯೋಣವೆಂದು ನಾನು ಕಾದಿದ್ದೆ.

"ಅರವತ್ತೈದೇ ಇದೆ... ನಂದೇ ಕೈ ತಪ್ಪಿರ್ಬೇಕು. ವಯಸ್ಸಾಯ್ತಮ್ಮ."

"ಇರಬಹುದು ಅಂಕಲ್," ಅಂದೆ.

ಅವರು ಮತ್ತೆ ಬಿಯರ್ ತಯಾರಿಸಲಿಲ್ಲ. ಟಬ್, ಥರ್ಮಾಮೀಟರ್ ಎರಡನ್ನೂ ನನಗೇ ಕೊಟ್ಟರು. ಸೀಕರಣೆ ಎಂದು ಕರೆಯುವುದನ್ನೂ ಬಿಟ್ಟರು. ಒಂದೆರಡು ಚಳಿಗಾಲ ಕಳೆದು ಹೋಗಿಯೇಬಿಟ್ಟರು...

ನಾನು ಅವರನ್ನು ಕ್ಷಮಿಸಿಲ್ಲ. ಐಸ್ ತೆಗೆದವಳು ನಾನೇ ಎಂದು ಒಂದು ದಿನ ಹೇಳಿ, ಅವರ ಮುಖ ಸಣ್ಣದಾಗುವುದನ್ನು ನೋಡಬೇಕೆಂದಿದ್ದೆ. ಅದೂ ತಪ್ಪಿಹೋಯಿತು. ಈಗ ನನ್ನ ಬಿಯರ್ ಎಲ್ಲರಿಗೂ ಇಷ್ಟ. ಅವರೊಬ್ಬರು ಕುಡಿದು ನೋಡಲಿಲ್ಲ.

ನಿನ್ನೆ ಟಬ್‌ಗೆ ಐಸ್ ಬಾಟಲಿ ಇಳಿಸುತ್ತ, "ತೆಗೆದಿದ್ದು ನಾನೇ ಅಂಕಲ್," ಎಂದು ಜೋರಾಗಿಯೇ ಹೇಳಿ ನೋಡಿದೆ.

"ಏನಂದೆ?" ಎಂದು ಹೊರಗಿನಿಂದ ಗಂಡ ಕೇಳಿದ.

ಏನಿಲ್ಲ ಅಂದೆ.